ಮೊದಲು ಸಜ್ಜು ಮಾಡಿ, ಆಮೇಲೆ ಎಬ್ಬಿಸಿ

ಪ್ರಶ್ನೆ: ನನ್ನ ಲಿನಕ್ಸ್ ಡ್ರೈವರ್ ‘ಕೆಥ್ರೆಡ್ ರನ್’ ಕರೆದು ಕರ್ನಲ್‌ನೊಳಗೆ (ಲಿನಕ್ಸ್‌ನ ತಿರುಳಿನಲ್ಲಿ) ಒಂದು ಥ್ರೆಡ್, ಅಂದರೆ ಉಳಿದ ಕೋಡ್‌ನ ಜೊತೆಜೊತೆಗೇ ಓಡುವ ಇನ್ನೊಂದು ಎಳೆ, ಶುರು ಮಾಡುತ್ತದೆ. ಅದು ಸಿದ್ಧವಾಗಲಿ ಎಂದು ಮುಂದಿನ ಸಾಲಿನಲ್ಲಿ 100 ಮಿಲಿಸೆಕೆಂಡ್ ಸ್ಲೀಪ್ ಹಾಕಿದ್ದೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ತೊಂದರೆಯಿಲ್ಲ, ಗ್ರಾಹಕರ ಬೋರ್ಡ್‌ನಲ್ಲಿ ಆಗೊಮ್ಮೆ ಈಗೊಮ್ಮೆ ಕ್ರ್ಯಾಶ್ ಆಗುತ್ತದೆ. 200 ಮಾಡಲೇ?

ಉತ್ತರ: ಬೇಡ. 500 ಕೂಡ ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಮಿಲಿಸೆಕೆಂಡುಗಳ ಸಂಖ್ಯೆ ಮಾತ್ರ ಬೇರೆ. ನೀವು ಕಳಿಸಿದ ಕೋಡ್‌ನಲ್ಲಿ ‘ಡೆವ್->ಟಾಸ್ಕ್ = ಕೆಥ್ರೆಡ್_ರನ್(...)’ ಎಂಬ ಸಾಲನ್ನು ಬಲದಿಂದ ಎಡಕ್ಕೆ ಓದಿ. ಕರೆ ಮುಗಿದ ಮೇಲಷ್ಟೇ ಎಡಗಡೆಯ ಪಾಯಿಂಟರ್ (ಥ್ರೆಡ್‌ನ ವಿಳಾಸ ಇಡುವ ಜಾಗ) ತುಂಬುತ್ತದೆ. ಅಷ್ಟರಲ್ಲಿ ಹೊಸ ಥ್ರೆಡ್ ಇನ್ನೊಂದು ಕೋರ್‌ನಲ್ಲಿ ಎದ್ದು ಅದೇ ಪಾಯಿಂಟರ್ ಓದಿದರೆ ಸಿಗುವುದು ಸೊನ್ನೆ. ನಿಮ್ಮ ಸ್ಲೀಪ್ ಇರುವುದು ಅದರ ಕೆಳಗಿನ ಸಾಲಿನಲ್ಲಿ. ಅದು ಯಾರನ್ನು ಕಾಯುತ್ತಿದೆ?

‘ಕೆಥ್ರೆಡ್ ರನ್’ ಎಂದರೆ ‘ಕೆಥ್ರೆಡ್ ಕ್ರಿಯೇಟ್’ ಮತ್ತು ‘ವೇಕ್ ಅಪ್ ಪ್ರೋಸೆಸ್’ ಎರಡನ್ನೂ ಸೇರಿಸಿ ಕಟ್ಟಿದ ಮ್ಯಾಕ್ರೋ. ಕ್ರಿಯೇಟ್ ಮುಗಿದಾಗ ಥ್ರೆಡ್ ಹುಟ್ಟಿರುತ್ತದೆ, ಆದರೆ ಮಲಗಿರುತ್ತದೆ. ನಿಮ್ಮ ಫಂಕ್ಷನ್‌ನ ಒಂದು ಸಾಲೂ ಓಡಿರುವುದಿಲ್ಲ. ಎರಡನ್ನೂ ಬಿಡಿಸಿ ಬರೆಯಿರಿ. ನಡುವೆ ಪಾಯಿಂಟರ್ ತುಂಬಿ, ಲಾಕ್‌ಗಳನ್ನು ಸಜ್ಜುಗೊಳಿಸಿ, ಕೊನೆಗೆ ಎಬ್ಬಿಸಿ. ನೀವು ಬರೆದದ್ದು ಆ ಥ್ರೆಡ್‌ಗೆ ಕಾಣುವಂತೆ ಮಾಡುವ ಮೆಮೊರಿ ಬ್ಯಾರಿಯರ್ (ಬರೆದ ಕ್ರಮ ಕಾಯುವ ತಡೆ) ಎಬ್ಬಿಸುವ ಕರೆಯಲ್ಲೇ ಇದೆ. ‘ಸಿದ್ಧ’ ಎಂದು ಸೂಚಿಸುವ ಫ್ಲ್ಯಾಗ್ ಬೇಡ, ಸ್ಲೀಪ್ ಬೇಡ.

“ಹಾರ್ಡ್‌ವೇರ್ ತಯಾರಿಯನ್ನು ಥ್ರೆಡ್ಡೇ ಮಾಡಬೇಕಲ್ಲ” ಎಂದು ಕೇಳಿದ್ದೀರಿ. ಏಕೆ ಮಾಡಬೇಕು? ಸಾಧನ ಸಿಕ್ಕಾಗ ಕರ್ನಲ್ ಕರೆಯುವ ಪ್ರೋಬ್ ಫಂಕ್ಷನ್‌ನಲ್ಲೇ ಮುಗಿಸಿ. ವಿಫಲವಾದರೆ ಥ್ರೆಡ್ ಹುಟ್ಟಿಸುವ ಪ್ರಮೇಯವೇ ಬರುವುದಿಲ್ಲ. ನಿಜವಾಗಿಯೂ ಬೇರೆ ದಾರಿಯಿಲ್ಲದಿದ್ದರೆ ಕಂಪ್ಲೀಶನ್ ಬಳಸಿ: ಒಬ್ಬರು ‘ಮುಗಿಯಿತು’ ಎನ್ನುವವರೆಗೆ ಇನ್ನೊಬ್ಬರನ್ನು ಕಾಯಿಸುವ ಸಾಧನ. ಮೊದಲು ಇದಕ್ಕೆ ಸ್ಟ್ಯಾಕ್ ಮೇಲೆ (ಫಂಕ್ಷನ್ ಮುಗಿದೊಡನೆ ಕೈಬಿಟ್ಟುಹೋಗುವ ಮೆಮೊರಿಯಲ್ಲಿ) ಸೆಮಾಫೋರ್ ಎಂಬ ಹಳೆಯ ಕಾಯುವ ಸಾಧನ ಇಡುತ್ತಿದ್ದರು. ಎಬ್ಬಿಸುವವನು ಅದನ್ನಿನ್ನೂ ಮುಟ್ಟುತ್ತಿರುವಾಗಲೇ ಕಾಯುವವನು ಫಂಕ್ಷನ್‌ನಿಂದ ಹೊರಟುಹೋಗುತ್ತಿದ್ದ. ಆ ರೋಗಕ್ಕೆ ಕರ್ನಲ್ 2.4.7ರಲ್ಲಿ ಬಂದ ಮದ್ದು ಈ ಕಂಪ್ಲೀಶನ್. ಆದರೂ ಟೈಮೌಟ್ ಇರುವ ಕಾಯುವಿಕೆಯನ್ನು ಕಂಡರೆ ನನಗೆ ಭಯ: ಅವಧಿ ಮೀರಿ ನೀವು ಹೊರಟ ಮೇಲೆ ಥ್ರೆಡ್ ಬಂದು ನಿಮ್ಮ ಹಳೆಯ ಸ್ಟ್ಯಾಕ್‌ನಲ್ಲಿ ಗೀಚುತ್ತದೆ. ಇದೇ ತಪ್ಪಿಗೆ ನಾನೊಮ್ಮೆ ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ.

ಕರ್ನಲ್ ತಾನೇ ಬೂಟ್ ಆಗುವ ಬಗೆಯನ್ನು ನೋಡಿ. ಬಳಕೆದಾರರ ಮೊದಲ ಪ್ರೋಸೆಸ್ ಆದ ಇನಿಟ್‌ಗೆ ಪಿಐಡಿ (ಪ್ರೋಸೆಸ್ ಸಂಖ್ಯೆ) 1 ಸಿಗಬೇಕು, ಹಾಗಾಗಿ ಮೊದಲು ಅದನ್ನೇ ಹುಟ್ಟಿಸುತ್ತಾರೆ. ಉಳಿದ ಕರ್ನಲ್ ಥ್ರೆಡ್‌ಗಳನ್ನು ಹೆರುವ ‘ಕೆಥ್ರೆಡ್‌ಡಿ’ ಆಮೇಲೆ ಬರುತ್ತದೆ, ಪಿಐಡಿ 2. ಇನಿಟ್ ಅವಸರಪಟ್ಟು ಥ್ರೆಡ್ ಕೇಳಿದರೆ ಹೆರಲು ತಾಯಿಯೇ ಇರುವುದಿಲ್ಲ. ಅದನ್ನು ತಡೆಯಲು ಅಲ್ಲಿರುವುದು ಒಂದೇ ಒಂದು ಕಂಪ್ಲೀಶನ್. 100 ಮಿಲಿಸೆಕೆಂಡ್ ಎಲ್ಲೂ ಇಲ್ಲ.

ಪ್ರಶ್ನೆ: ಫ್ಲ್ಯಾಗ್‌ಗೆ ‘ವೊಲಟೈಲ್’ (ಪ್ರತಿ ಸಲ ಮೆಮೊರಿಯಿಂದಲೇ ಓದು ಎಂದು ಕಂಪೈಲರ್‌ಗೆ ಹೇಳುವ ಪದ) ಹಾಕಿದರೆ ಸಾಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟರು.

ಉತ್ತರ: ಶುಲ್ಕ ವಾಪಸ್ ಕೇಳಿ.

ಪ್ರಶ್ನೆ: ಹುಟ್ಟಿಸುವ ಥ್ರೆಡ್ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಲಾಕ್) ಹಿಡಿದು, ಹುಟ್ಟಿದ ಥ್ರೆಡ್ ಅದನ್ನು ಬಿಡಬಹುದೇ?

ಉತ್ತರ: ಇಲ್ಲ. ಹಿಡಿದವರೇ ಬಿಡಬೇಕು.

ಪ್ರಶ್ನೆ: ಎಬ್ಬಿಸುವ ಮೊದಲೇ ‘ಕೆಥ್ರೆಡ್ ಸ್ಟಾಪ್’ ಕರೆದರೆ?

ಉತ್ತರ: ನಿಮ್ಮ ಫಂಕ್ಷನ್ ಓಡುವುದೇ ಇಲ್ಲ. ಮೆಮೊರಿ ಬಿಡುಗಡೆ ಮಾಡುವ ಸಾಲುಗಳನ್ನು ಅದರೊಳಗೆ ಇಟ್ಟಿದ್ದರೆ ಇವತ್ತೇ ಹೊರಗೆ ತನ್ನಿ.