ಲಕ್ವ ಹೊಡೆದ ಜಾಗ ಒಂದು, ಕುಗ್ಗಿದ ಜಾಗ ಇನ್ನೊಂದು: ಇದು ಎರಡನೆಯ ಲಕ್ವವೇ?

ಐದು ತಿಂಗಳ ಹಿಂದೆ ಬಲಮಿದುಳಿಗೆ ಲಕ್ವ ಹೊಡೆದ ನಿಮ್ಮ ತಂದೆಯವರ ಹೊಸ ಎಂಆರ್‌ಐ ವರದಿಯಲ್ಲಿ, ಮೊದಲ ಸ್ಕ್ಯಾನಿನಲ್ಲಿ ಸರಿಯಾಗಿಯೇ ಇದ್ದ ಥಲಾಮಸ್ (ಮಿದುಳಿನ ಒಳಗಿದ್ದು, ಸಂವೇದನೆಗಳನ್ನು ಹೊರಪದರಕ್ಕೆ ದಾಟಿಸುವ ಭಾಗ) ಮತ್ತು ಮಿದುಳನ್ನು ಬೆನ್ನುಹುರಿಗೆ ಬೆಸೆಯುವ ಮಿದುಳುಕಾಂಡದ ಬಲಭಾಗ ಕುಗ್ಗಿವೆ ಎಂದಿರುವುದನ್ನು ಕಂಡು, ಇದು ಎರಡನೆಯ ಲಕ್ವವೇ, ನಮ್ಮ ಆರೈಕೆಯಲ್ಲಿ ಲೋಪವಾಯಿತೇ ಎಂದು ಕೇಳಿದ್ದೀರಿ. ನಾನು ಮಂಡ್ಯದಲ್ಲಿ ಫಿಸಿಯೋಥೆರಪಿಸ್ಟ್. ಸ್ಕ್ಯಾನ್ ನೋಡಿ ತೀರ್ಪು ಹೇಳಬೇಕಾದವರು ನರರೋಗ ತಜ್ಞರೇ. ಆದರೆ ನೀವು ವಿವರಿಸಿರುವಂಥ ವರದಿಗಳನ್ನು ರೋಗಿಗಳ ಮನೆಯವರು ಇದೇ ಗಾಬರಿಯಿಂದ ನನ್ನ ಮುಂದೆಯೂ ಹಿಡಿದಿದ್ದಾರೆ. ಆರೈಕೆಯ ಲೋಪದಿಂದ ಹೀಗಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮಿದುಳಿನ ಒಂದು ಭಾಗ ಸತ್ತಾಗ ಅದರೊಡನೆ ನರತಂತುಗಳ ಮೂಲಕ ಬೆಸೆದುಕೊಂಡಿದ್ದ ದೂರದ ಭಾಗಗಳು ವಾರಗಳ, ತಿಂಗಳುಗಳ ಅವಧಿಯಲ್ಲಿ ನಿಧಾನವಾಗಿ ಕ್ಷೀಣಿಸುತ್ತವೆ. ನರತಂತುವಿಗೆ ಬೇಕಾದ ಸಾಮಗ್ರಿಯೆಲ್ಲ ಅದರ ಕೋಶದ ಒಡಲಿನಿಂದಲೇ ಹರಿದುಬರಬೇಕು. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆಲ್ಲೋ ಒಡೆದರೆ, ತಮ್ಮಲ್ಲಿ ಏನೂ ಒಡೆಯದಿದ್ದರೂ ಕೊನೆಯಂಚಿನ ಗದ್ದೆಗಳು ಒಣಗುವುದಿಲ್ಲವೇ, ಹಾಗೆಯೇ ಕೋಶ ಸತ್ತರೆ ಅದರಿಂದ ಹೊರಟ ತಂತು ತುದಿಯವರೆಗೂ ಶಿಥಿಲವಾಗುತ್ತದೆ. ಬ್ರಿಟಿಷ್ ವಿಜ್ಞಾನಿ ಆಗಸ್ಟಸ್ ವಾಲರ್ ಇದನ್ನು ಕಪ್ಪೆಯ ನಾಲಿಗೆಗೆ ಹೋಗುವ ನರಗಳನ್ನು ಕತ್ತರಿಸಿ ನೋಡಿ 1850ರಲ್ಲೇ ವಿವರಿಸಿದ್ದರು. ಕೈಕಾಲು ಆಡಿಸುವ ತಂತುಗಳ ಕಟ್ಟು ಮಿದುಳುಕಾಂಡದ ಮೂಲಕವೇ ಇಳಿಯುವುದರಿಂದ ಅಲ್ಲಿ ಒಂದು ಪಕ್ಕ ಸಣ್ಣಗಾಗಿ ಕಾಣುತ್ತದೆ.

ಥಲಾಮಸ್‌ನ ಕಥೆ ಇದಕ್ಕೆ ತಿರುಗುಮುರುಗು. ಲಕ್ವದಲ್ಲಿ ಸಾಮಾನ್ಯವಾಗಿ ಕಟ್ಟಿಕೊಳ್ಳುವುದು ಮಿದುಳಿನ ನಡುಧಮನಿ. ಥಲಾಮಸ್‌ಗೆ ರಕ್ತ ಬರುವುದು ಬಹುಪಾಲು ಹಿಂಬದಿಯ ಧಮನಿಗಳಿಂದ. ಆದ್ದರಿಂದ ಅದಕ್ಕೆ ರಕ್ತದ ಕೊರತೆಯೇ ಆಗಿರುವುದಿಲ್ಲ. ಆದರೆ ಅದರ ಕೋಶಗಳು ತಂತು ಚಾಚಿದ್ದ ಮಿದುಳಿನ ಹೊರಪದರ ಸತ್ತಿರುತ್ತದೆ. ಕಾರ್ಖಾನೆ ಕಬ್ಬು ನುರಿಸುವುದನ್ನು ನಿಲ್ಲಿಸಿದರೆ, ಗದ್ದೆಯಲ್ಲಿ ನೀರಿದ್ದೂ ಕಬ್ಬು ನಿಂತಲ್ಲೇ ಒಣಗುವುದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ ಮೈಕ್ರೋಗ್ಲಿಯಾ ಎಂಬ ರಕ್ಷಕ ಕೋಶಗಳು ಅಲ್ಲಿ ಕೆರಳಿ, ತಿಂಗಳುಗಟ್ಟಲೆ ಉರಿಯೂತ ಉಳಿಯುವುದೂ ಉಂಟು.

ಈ ಕ್ಷಯವನ್ನು ತಡೆಯುತ್ತದೆಂದು ರೋಗಿಗಳಲ್ಲಿ ಸಾಬೀತಾದ ಔಷಧಿ ಇಂದಿಗೂ ಇಲ್ಲ, ವ್ಯಾಯಾಮದಿಂದ ಥಲಾಮಸ್ ಮತ್ತೆ ತುಂಬಿಕೊಳ್ಳುತ್ತದೆಂದೂ ನಾನು ಹೇಳಲಾರೆ. ವ್ಯಾಯಾಮ ನಡೆಯುವುದು ಉಳಿದಿರುವ ದಾರಿಗಳನ್ನು ಪಳಗಿಸುವುದಕ್ಕೆ, ಮತ್ತು ಕೀಲುಗಳು ಬಿಗಿಯದಂತೆ ಕಾಯುವುದಕ್ಕೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಪಾಂಡವಪುರದ ಕಡೆಯ ಹಿರಿಯರೊಬ್ಬರ ಮನೆಯವರು ಇಂಥದೇ ವರದಿ ಓದಿ, "ಮಿದುಳೇ ಸಣ್ಣಗಾಯ್ತಾ ಇದ್ರೆ ಕೈ ಆಡಿಸಿ ಏನ್ ಬಂತು ಸಾರ್" ಎಂದು ಆರು ವಾರ ಎಲ್ಲವನ್ನೂ ನಿಲ್ಲಿಸಿಬಿಟ್ಟಿದ್ದರು. ಮತ್ತೆ ನಾನು ನೋಡುವ ಹೊತ್ತಿಗೆ ಮುಷ್ಟಿ ಬಿಗಿದು, ಅಂಗೈಯಲ್ಲಿ ನಾಲ್ಕು ಉಗುರುಗಳ ಗಾಯ ಸಾಲಾಗಿ ಮೂಡಿತ್ತು. ಬೆರಳುಗಳ ನಡುವೆ ಬಟ್ಟೆಯ ಸುರುಳಿ ತೂರಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಆ ನೋವು ಥಲಾಮಸ್ ಕುಗ್ಗಿದ್ದರಿಂದ ಬಂದದ್ದಲ್ಲ, ಕೈ ಬಿಟ್ಟಿದ್ದರಿಂದ ಬಂದದ್ದು. ನಿಮ್ಮ ತಂದೆಯವರ ಎಡಗೈಯನ್ನು ದಯವಿಟ್ಟು ಹಾಗೆ ಬಿಡಬೇಡಿ. ಬಿಪಿ, ಸಕ್ಕರೆ ಮತ್ತು ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆಗಳನ್ನೂ ವೈದ್ಯರು ಹೇಳದೆ ನಿಲ್ಲಿಸಬೇಡಿ.

ಮುಂದಿನ ಭೇಟಿಗೆ ಎರಡೂ ಸ್ಕ್ಯಾನುಗಳ ಫಿಲ್ಮುಗಳನ್ನು ಒಯ್ದು, ಡಿಫ್ಯೂಷನ್ ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಹೊಸ ಕಲೆಯೇನಾದರೂ ಇದೆಯೇ ಎಂದು ತಜ್ಞರನ್ನು ನೇರವಾಗಿ ಕೇಳಿ. ಹೊಸ ಲಕ್ವವಾಗಿದ್ದರೆ ಅದು ಸಾಮಾನ್ಯವಾಗಿ ಅಲ್ಲಿ ಬೆಳ್ಳಗೆ ಹೊಳೆಯುತ್ತದೆ. ಈ ಕ್ಷಯ ನಿಧಾನವಾಗಿ ಆಗುವಂಥದ್ದು. ಹಾಗಾಗಿ ಒಮ್ಮೆಗೇ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಬಲಗೈಯೂ ಸೋತರೆ, ಇದು ಹಳೆಯದರದೇ ಪರಿಣಾಮವಿರಬೇಕೆಂದು ಮನೆಯಲ್ಲಿ ಕಾಯದೆ ತಕ್ಷಣ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಕಾಶ ನಾಲ್ಕೂವರೆ ಗಂಟೆ ಮಾತ್ರ.