ಮೈಸೂರು ನೋಡುವ ಕ್ರಮ, ಬೀಟೆಮರದ ಇನ್‌ಲೇ ಕೊಳ್ಳುವ ಕ್ರಮ

ಪ್ರಶ್ನೆ: ಭಾನುವಾರ, ಸೋಮವಾರ ಮೈಸೂರಿನಲ್ಲಿರುತ್ತೇವೆ. ಎಪ್ಪತ್ತು ದಾಟಿದ ಅಮ್ಮನೂ ಬರುತ್ತಾರೆ. ಅರಮನೆ, ಜಗನ್ಮೋಹನ ಅರಮನೆಯ ಚಿತ್ರಶಾಲೆ, ರೇಷ್ಮೆ ಕಾರ್ಖಾನೆ ಯಾವ ಕ್ರಮದಲ್ಲಿ ನೋಡಬೇಕು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಭಾನುವಾರ ಅರಮನೆ, ಸೋಮವಾರ ಕಾರ್ಖಾನೆ. ಅದಲುಬದಲು ಮಾಡಿದರೆ ಎರಡೂ ತಪ್ಪುತ್ತವೆ: ಕಾರ್ಖಾನೆಗೆ ಭಾನುವಾರ ರಜೆ, ಅರಮನೆಯ ಪೂರ್ಣ ದೀಪಾಲಂಕಾರ ಇರುವುದು ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ, 7ರ ಸುಮಾರಿಗೆ.

ಬೆಳಿಗ್ಗೆ 10ಕ್ಕೆ ದಕ್ಷಿಣದ ವರಾಹ ದ್ವಾರದಲ್ಲಿರಿ. ಪಾದರಕ್ಷೆ ಹೊರಗೇ ಬಿಡಬೇಕು. ಮಧ್ಯಾಹ್ನದ ಹೊತ್ತಿಗೆ ಅಂಗಳದ ಕಲ್ಲು ಕಾಯುತ್ತದೆ. ಅಮ್ಮನಿಗೆ ಕಾಲುಚೀಲ ಇರಲಿ. ದರ್ಬಾರ್ ಹಾಲ್ ಮೇಲಂತಸ್ತಿನಲ್ಲಿದೆ, ಮೆಟ್ಟಿಲು ಹತ್ತಬೇಕು. ಹಳೆಯ ಮರದರಮನೆ 1897ರಲ್ಲಿ ಸುಟ್ಟ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಂತೆ ಎದ್ದ ಈ ಕಟ್ಟಡ 1912ರಲ್ಲಿ ಮುಗಿಯಿತು. ಒಳಗಿನ ಖಾಸಗಿ ದರ್ಬಾರಿನ ಸಭಾಂಗಣ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬೀಟೆಮರದ ಬಾಗಿಲಿನ ಮುಂದೆ ಐದು ನಿಮಿಷ ನಿಲ್ಲಿ. ಇನ್‌ಲೇ, ಅಂದರೆ ಮರದಲ್ಲಿ ಗುಳಿ ತೋಡಿ ಬೇರೆ ಬಣ್ಣದ ತುಂಡು ಕೂರಿಸುವ ಕೆಲಸದ ಅಂಗಡಿಗೆ ಹೋಗುವ ಮುಂಚೆ ಕಣ್ಣಿಗೆ ಆ ಅಳತೆಗೋಲು ಸಿಗಬೇಕು.

ಊಟವಾದ ಮೇಲೆ ಜಗನ್ಮೋಹನ. ಅಲ್ಲಿರುವ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ರವಿವರ್ಮನದೆಂದು ಹಲವರು ಹೇಳುತ್ತಾರೆ. ಅದು ಎಸ್. ಎಲ್. ಹಳದಣಕರ್ ಅವರ ಜಲವರ್ಣ.

ಪ್ರಶ್ನೆ: ಬೀಟೆಮರದ ಇನ್‌ಲೇ ಚಿತ್ರ ಅಸಲಿಯೋ ಅಲ್ಲವೋ ತಿಳಿಯುವುದು ಹೇಗೆ?
— ಓದುಗರೊಬ್ಬರು, ಪುಣೆ

ಉತ್ತರ: ಕೆಲಸ ಹೇಗಾಗುತ್ತದೆಂದು ತಿಳಿದರೆ ಗುರುತು ಸುಲಭ. ಬೇರೆ ಬೇರೆ ಬಣ್ಣದ ತೆಳು ಮರದ ಹಾಳೆಗಳನ್ನು ಸಣ್ಣ ಗರಗಸದಿಂದ ಆಕಾರಕ್ಕೆ ಕತ್ತರಿಸಿ, ಬೀಟೆ ಹಲಗೆಯಲ್ಲಿ ಅದೇ ಆಕಾರದ ಗುಳಿ ತೋಡಿ, ಅಂಟು ಹಾಕಿ ಕೂರಿಸಿ, ಉಜ್ಜಿ ಪಾಲಿಶ್ ಮಾಡುತ್ತಾರೆ. ಹಳದಿ ಹಲಸಿನ ಮರದ್ದು. ಬಣ್ಣ ಮರದ್ದೇ ಆಗಿರಬೇಕು, ಬಳಿದದ್ದಲ್ಲ.

ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಪ್ರತಿ ತುಂಡಿನ ಎಳೆ ಬೇರೆ ದಿಕ್ಕಿಗೆ ಓಡಬೇಕು. ಎಲ್ಲ ಬಣ್ಣಗಳ ಮೇಲೂ ಒಂದೇ ಎಳೆ ಸಾಗಿದ್ದರೆ ಅದು ಅಚ್ಚು ಹಾಕಿದ ಚಿತ್ರ. ಅಂಚಿನ ಸುತ್ತ ಮಂಕು ಕಂದು ಗೆರೆ ಕಂಡರೆ, ಗುಳಿ ದೊಡ್ಡದಾಗಿ ಮರದಪುಡಿ ಮತ್ತು ಅಂಟಿನಿಂದ ಮುಚ್ಚಿದ್ದಾರೆ. ಮರ ಒಣಗಿ ಕುಗ್ಗಿದಾಗ ಮೊದಲು ಬಿರಿಯುವುದು ಅಲ್ಲೇ. ಬೆರಳಾಡಿಸಿದರೆ ಎಲ್ಲೂ ತಡೆಯಬಾರದು. ಇಂದು ಬಿಳಿಗೆ ಪ್ಲಾಸ್ಟಿಕ್ಕನ್ನೂ ಬಳಸುತ್ತಾರೆ, ಕೇಳಿ ತಿಳಿದುಕೊಳ್ಳಿ. 'ದಂತ' ಎಂದರೆ ಕೊಳ್ಳಲೇಬೇಡಿ, ಆ ವ್ಯಾಪಾರಕ್ಕೆ ಕಾನೂನಿನ ನಿಷೇಧವಿದೆ. ಮನೆಯಲ್ಲಿ ಬಿಸಿಲು ಬೀಳುವ ಗೋಡೆ ಬೇಡ, ಒದ್ದೆ ಬಟ್ಟೆಯಂತೂ ಬೇಡವೇ ಬೇಡ.

ಪ್ರಶ್ನೆ: ಮೈಸೂರು ರೇಷ್ಮೆ ಸೀರೆಯ ಜರಿ ಕಪ್ಪಾಗದಂತೆ ಇಡುವುದು ಹೇಗೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಕೆ.ಎಸ್.ಐ.ಸಿ. (ಸರ್ಕಾರದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ಸೀರೆಯ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ. ಬೆಳ್ಳಿ ಇರುವುದರಿಂದಲೇ ಅದು ಕಪ್ಪಾಗುವುದು. ಉಟ್ಟ ಮೇಲೆ ಸೆಂಟು ಸಿಂಪಡಿಸಬೇಡಿ. ಬೆವರು ಆರಿದ ಬಳಿಕ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ಜರಿ ಮಡಿಕೆಯ ಗೆರೆಯಲ್ಲೇ ತುಂಡಾಗುತ್ತದೆ. ನುಸಿಗುಳಿಗೆ ಇಡಲೇಬೇಕಿದ್ದರೆ ಬೀರುವಿನ ಮೂಲೆಯಲ್ಲಿಡಿ, ಸೀರೆಗೆ ತಾಗಿಸಬೇಡಿ.