ಮೊದಲ ಬಾರಿಗೆ ದೋಣಿಯ ಟ್ರೇಲರ್ ಎಳೆಯುವವರು ಏನನ್ನು ಗಮನಿಸಬೇಕು?

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಚಂದ್ರಗಿರಿ ಹೊಳೆಗೆ 14 ಅಡಿಯ ಫೈಬರ್ ದೋಣಿಯನ್ನು ಜೀಪಿನ ಹಿಂದೆ ಕಟ್ಟಿ ಒಯ್ಯಬೇಕೆಂದಿದ್ದೀರಿ, ಟ್ರೇಲರ್ ಎಳೆದು ಅಭ್ಯಾಸವಿಲ್ಲ, ಎಷ್ಟು ವೇಗದಲ್ಲಿ ಹೋಗಬಹುದು ಎಂದು ಕೇಳಿದ್ದೀರಿ. ಅದೇ ದಾರಿಯಲ್ಲಿ ಕೆಲವು ವರ್ಷಗಳಿಂದ ದೋಣಿ ಒಯ್ಯುತ್ತಿರುವ ನನ್ನ ಅಭಿಪ್ರಾಯದಲ್ಲಿ, ವೇಗದ ಮಾತಿಗೆ ಮೊದಲು ಟ್ರೇಲರಿನ ಮೂತಿಯ (ಜೀಪಿಗೆ ಸಿಕ್ಕಿಸುವ ಮುಂತುದಿಯ) ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂಬುದನ್ನು ತಿಳಿದುಕೊಳ್ಳಬೇಕು.

ನನ್ನ ಮೊದಲ ಪ್ರಯಾಣದಲ್ಲಿ ತುಂಬಿದ ಪೆಟ್ರೋಲ್ ಕ್ಯಾನು, ಲಂಗರು, ಹಗ್ಗ ಎಲ್ಲವನ್ನೂ ಜಾಗವಿದೆಯೆಂಬ ಕಾರಣಕ್ಕೆ ದೋಣಿಯ ಹಿಂಭಾಗದಲ್ಲಿ, ಎಂಜಿನ್ನಿನ ಪಕ್ಕದಲ್ಲೇ ತುಂಬಿದ್ದೆ. ಚೆರ್ಕಳದಿಂದ ತೆಕ್ಕಿಲ್ ಕಡೆಗೆ ಇಳಿಯುವಾಗ, ವೇಗ ಐವತ್ತನ್ನೂ ದಾಟಿರಲಿಲ್ಲ, ಟ್ರೇಲರ್ ಎಡಕ್ಕೂ ಬಲಕ್ಕೂ ತೂಗತೊಡಗಿತು. ಗಾಬರಿಯಿಂದ ಬ್ರೇಕ್ ಒತ್ತಿದೆ. ಜೀಪು ನಿಧಾನವಾದಂತೆ ಟ್ರೇಲರ್ ಹಿಂದಿನಿಂದ ತಳ್ಳಿ ತೂಗಾಟ ಇನ್ನೂ ಹೆಚ್ಚಾಯಿತು. ಅಂಥ ಸಂದರ್ಭದಲ್ಲಿ ಸ್ಟೀರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆಯಬೇಕು ಎಂಬುದು ಆಮೇಲೆ ಗೊತ್ತಾಯಿತು. ಬದಿಗೆ ನಿಲ್ಲಿಸಿ ಕ್ಯಾನನ್ನೂ ಲಂಗರನ್ನೂ ಮುಂದಕ್ಕೆ ಸರಿಸಿದ ಮೇಲೆ ಉಳಿದ ದಾರಿಯುದ್ದಕ್ಕೂ ಅದು ಒಮ್ಮೆಯೂ ಅಲುಗಲಿಲ್ಲ.

ಒಟ್ಟು ಭಾರದ ಸುಮಾರು ಹತ್ತರಲ್ಲೊಂದು ಪಾಲು ಮೂತಿಯ ಮೇಲಿರಬೇಕು. ಟ್ರೇಲರ್, ದೋಣಿ, ಎಂಜಿನ್, ಸಾಮಾನು ಸೇರಿ 400 ಕಿಲೋ ಆದರೆ ಮೂತಿಯಲ್ಲಿ 40 ಕಿಲೋ. ಇದನ್ನು ಅಳೆಯಲು ನಮ್ಮಲ್ಲಿ ಬೇರೆ ಉಪಕರಣ ಬೇಕಿಲ್ಲ, ಅಡಿಕೆ ತೂಗುವ ಯಂತ್ರದ ಮೇಲೆ ಮರದ ತುಂಡನ್ನು ನಿಲ್ಲಿಸಿ, ಜೀಪಿಗೆ ಸಿಕ್ಕಿಸಿದಾಗ ಇರುವ ಎತ್ತರದಲ್ಲೇ ಮೂತಿಯನ್ನು ಅದರ ಮೇಲಿಟ್ಟರೆ ಸಾಕು. ಮೂತಿಯ ಭಾರ ಕಡಿಮೆಯಾದರೆ ಟ್ರೇಲರ್ ಎಡಬಲಕ್ಕೆ ಓಲಾಡುತ್ತದೆ. ಅತಿಯಾದರೆ ಜೀಪಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ.

ಜೀಪಿನ ಹಿಂದಿರುವ ಬಾಲ್ (ಲೋಹದ ಗುಂಡು) ಮತ್ತು ಅದರ ಮೇಲೆ ಕೂರುವ ಮೂತಿಯ ಕಪ್ಲರ್ ಒಂದೇ ಅಳತೆಯವೇ ಎಂದು ಅಚ್ಚೊತ್ತಿದ ಅಂಕಿಯನ್ನು ಓದಿ ನೋಡಿ. 50 ಮಿಲಿಮೀಟರಿನದೂ 2 ಇಂಚಿನದೂ ಕಣ್ಣಿಗೆ ಒಂದೇ ಆಗಿ ಕಂಡರೂ ಎರಡನೆಯದು 50.8 ಮಿಲಿಮೀಟರ್. ಲಾಕ್ ಮಾಡಿದ ಬಳಿಕ ಮೂತಿಯ ಜ್ಯಾಕನ್ನು ತಿರುಗಿಸಿ ಎತ್ತಿದಾಗ ಜೀಪಿನ ಹಿಂಭಾಗವೂ ಜತೆಗೆ ಏಳಬೇಕು. ಸುರಕ್ಷತಾ ಸರಪಳಿಗಳನ್ನು ಮೂತಿಯ ಅಡಿಯಲ್ಲಿ ಕತ್ತರಿಯಾಕಾರದಲ್ಲಿ ಸಿಕ್ಕಿಸಿದರೆ, ಕಪ್ಲರ್ ಕಳಚಿದರೂ ಮೂತಿ ರಸ್ತೆಗೆ ಬಡಿಯದೆ ಸರಪಳಿಯ ಮೇಲೆ ನಿಲ್ಲುತ್ತದೆ. ಮುಂದಿನ ವಿಂಚಿನ (ದೋಣಿಯನ್ನು ಟ್ರೇಲರಿನ ಮೇಲಕ್ಕೆಳೆಯುವ ರಾಟೆಯ) ಪಟ್ಟಿಯೊಂದನ್ನೇ ನಂಬದೆ ದೋಣಿಯ ಹಿಂಭಾಗವನ್ನೂ ಟ್ರೇಲರಿಗೆ ಬಿಗಿಯಿರಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರೂ ವಾಹನವೇ ಆದುದರಿಂದ ಅದರ ನೋಂದಣಿಯ ಕಾಗದವೂ ಜತೆಗಿರಲಿ.

ಇನ್ನು ತಮ್ಮ ಪ್ರಶ್ನೆಗೆ ಉತ್ತರ: ಮೊದಲ ಸಲಕ್ಕೆ ಗಂಟೆಗೆ 40 ಕಿಲೋಮೀಟರ್ ಸಾಕು. ಸಣ್ಣ ಟ್ರೇಲರುಗಳಿಗೆ ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲವಾದ್ದರಿಂದ ಮುಂದಿನ ವಾಹನದಿಂದ ಮಾಮೂಲಿಗಿಂತ ಎರಡು ಪಟ್ಟು ಅಂತರವಿರಲಿ. ತಿರುವುಗಳಲ್ಲಿ ಟ್ರೇಲರಿನ ಚಕ್ರ ಜೀಪಿನದಕ್ಕಿಂತ ಒಳಬದಿಯಲ್ಲಿ ಸಾಗುವುದರಿಂದ ಸ್ವಲ್ಪ ಮುಂದೆ ಹೋಗಿ ತಿರುಗಿಸಬೇಕು.

ನಿಜವಾದ ಪರೀಕ್ಷೆ ರಿವರ್ಸಿನದು. ಪವರ್ ಟಿಲ್ಲರಿನ ಟ್ರೇಲರನ್ನು ತೋಟದೊಳಗೆ ಹಿಂದಕ್ಕೆ ತಳ್ಳಿದವರಿಗೆ ಇದರ ಕಷ್ಟ ಸ್ವಲ್ಪ ಗೊತ್ತಿರುತ್ತದೆ. ಮನೆಯ ಹತ್ತಿರದ ಯಾವುದಾದರೂ ಖಾಲಿ ಪದವಿನಲ್ಲಿ (ಬಯಲಿನಲ್ಲಿ) ಎರಡು ಸಂಜೆ ಅಭ್ಯಾಸ ಮಾಡಿ. ಕೈಯನ್ನು ಸ್ಟೀರಿಂಗಿನ ಕೆಳತುದಿಯಲ್ಲಿಟ್ಟರೆ, ಕೈ ಸರಿದ ಕಡೆಗೇ ಟ್ರೇಲರಿನ ಹಿಂಭಾಗ ಹೋಗುತ್ತದೆ. ಟ್ರೇಲರ್ ಗಿಡ್ಡವಾದಷ್ಟೂ ಬೇಗ ಜೀಪಿನತ್ತ ಮಡಚಿಕೊಳ್ಳುತ್ತದೆ. ಮಡಚತೊಡಗಿದಾಗ ಹಿಂದಕ್ಕೇ ಸರಿಪಡಿಸಲು ಹೋಗದೆ, ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಶುರುಮಾಡಿ.

ಸಮುದ್ರದ ಇಳಿತದ ವೇಳೆ ಕಡವಿನ (ದೋಣಿ ಇಳಿಸುವ ದಡದ) ಇಳಿಜಾರಿನ ಕೆಳಭಾಗದಲ್ಲಿ ಪಾಚಿಯ ಮೇಲೆ ಟೈರು ಜಾರುವುದರಿಂದ ನೀರು ಏರುತ್ತಿರುವ ಹೊತ್ತನ್ನು ಆರಿಸಿಕೊಳ್ಳಿ. ತಲುಪಿದ ಕೂಡಲೇ ಟ್ರೇಲರನ್ನು ನೀರಿಗೆ ಇಳಿಸಬೇಡಿ. ಓಡಿ ಬಿಸಿಯಾದ ಹಬ್ (ಚಕ್ರದ ನಡುಭಾಗ) ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಬೇರಿಂಗಿನೊಳಕ್ಕೆ ನೀರು ಎಳೆದುಕೊಳ್ಳುತ್ತದೆ. ಅರ್ಧ ಗಂಟೆ ಕಾಯುವ ನಡುವೆ ಲೈಟಿನ ತಂತಿಯನ್ನು ಕಳಚಿ, ದೋಣಿಯ ತಳದ ಬಿರಡೆ ಹಾಕಿದೆಯೇ ನೋಡಿ (ನಾನು ಒಮ್ಮೆ ಮರೆತಿದ್ದೇನೆ). ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕಿನ ಜತೆಗೆ ಜೀಪಿನ ಚಕ್ರಕ್ಕೆ ಕಲ್ಲನ್ನೂ ಕೊಡಿ. ಬೇಸಗೆಯಲ್ಲಿ ಮೇಲ್ಗಡೆಯ ಬಾವಿಕ್ಕೆರೆಯವರೆಗೂ ಉಪ್ಪುನೀರು ಏರುತ್ತಿದ್ದ ಹೊಳೆ ಇದು. ಮನೆಗೆ ಬಂದ ದಿನವೇ ಹಬ್, ಸ್ಪ್ರಿಂಗು, ಲೈಟುಗಳನ್ನು ಬಾವಿ ನೀರಿನಿಂದ ತೊಳೆದು ಬೇರಿಂಗಿಗೆ ಗ್ರೀಸ್ ತುಂಬಿ.